ಮನೆಯ ಕಾವಲಿಯ ಸದ್ದು

ನಮ್ಮ ಹೋಟೆಲಿನಲ್ಲಿ ದಿನದ ಮೊದಲ ದೋಸೆಯನ್ನು ಯಾರಿಗೂ ಬಡಿಸುವುದಿಲ್ಲ. ಅದು ಕಲ್ಲಿನದು, ದೋಸೆ ಹೊಯ್ಯುವ ಆ ದೊಡ್ಡ ಕಬ್ಬಿಣದ ಹಂಚಿನದು. ಬೆಳಗ್ಗೆ ಕಲ್ಲು ಕಾದ ಮೇಲೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಗುಡಿಸಿ, ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ, ಒಂದು ಸೌಟು ಹಿಟ್ಟು ಹೊಯ್ಯಬೇಕು. ಅದು ಹರಿಯದೆ ಎದ್ದು ಬಂದರೆ ಕಲ್ಲು ಒಪ್ಪಿತು ಎಂದರ್ಥ. ಆ ದೋಸೆಯನ್ನು ಹಿಂದಿನ ಗೋಡೆಯ ಮೇಲೆ ಕಾಗೆಗಳಿಗೆ ಇಟ್ಟು, ಆಮೇಲೆ ಷಟರು ಎತ್ತುವುದು. ನನ್ನ ಮಾವ ಉಡುಪಿಯ ಕಡೆಯಿಂದ ತಮಿಳು ಸೀಮೆಗೆ ಬಂದು ಪೋರೂರಿನಲ್ಲಿ ಈ ಹೋಟೆಲು ಹಾಕಿದಾಗಿನಿಂದ ಹೀಗೆಯೇ. ಕಲ್ಲು ಕೂಡ ಅವರು ತಂದದ್ದೇ. ಮಾವ ಹೋದ ಮೇಲೆ ಮೊದಲ ದೋಸೆಯನ್ನು ಇವರು, ಎಂದರೆ ನನ್ನ ಗಂಡ ಜಯಪ್ರಕಾಶ್, ತಾವೇ ಹೊಯ್ಯುತ್ತಿದ್ದರು. ದೋಸೆಗೆ ಐತಣ್ಣ ಇದ್ದ. ಆದರೂ ಮೊದಲನೆಯದನ್ನು ಅವನಿಗೆ ಬಿಡುತ್ತಿರಲಿಲ್ಲ.

"ದಿನಾ ಕಾಯುವ ಕಲ್ಲು ಮಾತು ಕೇಳ್ತದೆ ಜಲಜಾ. ನಾಲ್ಕು ದಿನ ಬಿಟ್ಟು ನೋಡು, ಸೇಡು ತೀರಿಸ್ತದೆ," ಎನ್ನುತ್ತಿದ್ದರು.

ಇನ್ನೊಂದು ಪದ್ಧತಿಯನ್ನೂ ಮಾವ ಮಾಡಿಟ್ಟಿದ್ದರು. ಗಿರಾಕಿಗಳು ತಮಿಳಿನಲ್ಲಿ ಕೇಳಿದರೂ ಅಡುಗೆಮನೆಗೆ ಕೂಗುವುದು ಕನ್ನಡದಲ್ಲಿಯೇ ಆಗಬೇಕು. "ಎರಡು ಮಸಾಲೇ, ಒಂದು ನೀರುಳ್ಳಿ ಊತಪ್ಪಾ!" ಊರಿನಿಂದ ಬಂದ ಹುಡುಗರು ಇದ್ದಷ್ಟು ಕಾಲ ಅದಕ್ಕೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನಮ್ಮ ಮಗಳು ಅಶ್ವಿತಾಳದು. ಹೋಟೆಲಿನ ಮೇಲಿನ ಮನೆಯಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಒಮ್ಮೆ ಇವರು ತಮಾಷೆಗೆ, "ನೀನೊಂದು ಸಲ ಕೂಗು ಮಗಾ, ಅಜ್ಜನಿಗೆ ಕೇಳಲಿ," ಎಂದಾಗ, "ಪೋಂಗಪ್ಪಾ!" ಎಂದು ಮೆಟ್ಟಿಲು ಹತ್ತಿ ಓಡಿದ್ದಳು. ಹೋಟೆಲಿನವರ ಮಗಳು ಎಂದು ಶಾಲೆಯಲ್ಲಿ ಯಾರೋ ಚುಚ್ಚಿದ್ದರು. ಅವಳ ಬಾಯಿಗಿಂತ ಮೊದಲು ಅದನ್ನು ಅವಳ ಮುಖದಿಂದ ನಾನು ತಿಳಿದಿದ್ದೆ. ಇವರಿಗೆ ಹೇಳಿರಲಿಲ್ಲ.

ಕೊರೊನಾದ ಎರಡನೆಯ ಅಲೆ ಬಂದ ಬೇಸಿಗೆಯಲ್ಲಿ ಹುಡುಗರೆಲ್ಲ ಬಸ್ಸು ನಿಲ್ಲುವ ಮೊದಲೇ ಊರಿಗೆ ಹೋದರು. ಐತಣ್ಣ ಒಬ್ಬ ಉಳಿದ. ಪಾರ್ಸೆಲ್ಲು ಮಾತ್ರ ಕೊಡಬಹುದು ಎಂಬ ನಿಯಮವಿತ್ತು. ಇವರು ನಸುಕಿನಲ್ಲೇ ಕೋಯಂಬೇಡಿಗೆ ಹೋಗಿ ತರಕಾರಿ ತಂದು, ಮೂಗಿನ ಕೆಳಗೆ ಮಾಸ್ಕು ಇಳಿಸಿಕೊಂಡು ಕಲ್ಲಿನ ಮುಂದೆ ನಿಲ್ಲುತ್ತಿದ್ದರು. "ಸರಿಯಾಗಿ ಹಾಕಿ," ಎಂದರೆ, "ಕಲ್ಲಿನ ಹಬೆಗೆ ಯಾವ ವೈರಸ್ಸು ಬದುಕ್ತದೆ ಮಾರಾಯ್ತಿ?" ಎನ್ನುತ್ತಿದ್ದರು.

ಇವರಿಗೆ ಜ್ವರ ಬಂತು. ಕೆಮ್ಮು ಬಂತು. ಬೆರಳಿಗೆ ಹಾಕುವ ಯಂತ್ರದ ಅಂಕಿ ಇಳಿಯತೊಡಗಿದಾಗ ಅಂಬುಲೆನ್ಸು ಕರೆಸಿದೆವು. ಹತ್ತುವಾಗಲೂ ಅವರು ತಿರುಗಿ ನೋಡಿದ್ದು ನನ್ನನ್ನಲ್ಲ, ಷಟರನ್ನು.

"ಕಲ್ಲು ತಣಿಲಿಕ್ಕೆ ಬಿಡಬೇಡ. ಇಪ್ಪತ್ತು ಇಡ್ಲಿ ಹೋದ್ರೂ ಸಾಕು. ಐತ ಇದ್ದಾನಲ್ಲ."

"ಆಯ್ತು, ನೀವು ಹೋಗಿ ಬನ್ನಿ."

ಮರುದಿನ ಐತಣ್ಣನಿಗೂ ಜ್ವರ. ಅವನನ್ನು ಅವನ ತಂಗಿಯ ಗಂಡ ಬಂದು ತಾಂಬರದ ಮನೆಗೆ ಕರೆದುಕೊಂಡು ಹೋದ. ಕಾರ್ಪೊರೇಷನ್ನಿನವರು ನಮ್ಮ ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ನಾನು ಕೆಳಗಿಳಿದು ಗ್ಯಾಸು ಮುಚ್ಚಿ, ಹುಳಿ ಬಂದ ಹಿಟ್ಟನ್ನು ಚೆಲ್ಲಿ, ಷಟರಿಗೆ ಬೀಗ ಹಾಕಿದೆ. ಕಲ್ಲಿನ ಮೇಲೆ ಕೈಯಿಟ್ಟು ನೋಡಿದೆ. ಮದುವೆಯಾಗಿ ಬಂದ ಮೇಲೆ ಅದನ್ನು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು.

ಸಂಜೆ ವಾರ್ಡಿನಿಂದ ಇವರು ಫೋನು ಮಾಡಿದರು. ಮೊದಲ ಪ್ರಶ್ನೆಯೇ ಅದು.

"ವ್ಯಾಪಾರ ಹೇಗುಂಟು?"

ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಮನುಷ್ಯನಿಗೆ ಏನು ಹೇಳುವುದು? "ನಡೀತಾ ಉಂಟು," ಎಂದೆ. ಪಕ್ಕದಲ್ಲಿ ಓದುತ್ತಿದ್ದ ಅಶ್ವಿತಾ ತಲೆಯೆತ್ತಿ, "ಏಮ್ಮಾ ಪೊಯ್ ಸೊಲ್ರೇ?" ಎಂದಳು, ಸುಳ್ಳು ಯಾಕೆ ಹೇಳುತ್ತೀ ಎಂದು. ನಾನು ಬಾಯಿಗೆ ಬೆರಳಿಟ್ಟೆ.

ಒಂದು ವಾರ ಕಳೆಯುವಾಗ ಕೆಮ್ಮು ಕಡಿಮೆಯಾಯಿತು, ಆಕ್ಸಿಜನ್ನು ಇಳಿಸಿದರು. ಮನೆಗೆ ಬಂದೇಬಿಡುತ್ತಾರೆ ಎಂದುಕೊಂಡೆವು. ಬಾಗಿಲಿನ ಚೀಟಿಯನ್ನೂ ತೆಗೆದಿದ್ದರು. ದಿನಾ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಊಟದ ಚೀಲ ಕೊಟ್ಟು ಬರುತ್ತಿದ್ದೆ. ಆಗ ಒಂದು ದಿನ ಅವರೇ ಹೇಳಿದರು, "ಎದೆ ಸ್ವಲ್ಪ ಹಿಡಿದ ಹಾಗೆ ಆಗ್ತದೆ. ಗ್ಯಾಸು. ಒಂದು ಫ್ಲಾಸ್ಕು ಓಮದ ಕಷಾಯ ಕಳಿಸು."

ನನಗೆ ಅದು ಹೊಸತಲ್ಲ. ಹೋಟೆಲಿನವರಿಗೆ ಎದೆ ನೋವೆಂದರೆ ಗ್ಯಾಸೇ. ಊರಿಗೆಲ್ಲ ಬಡಿಸಿ ತಾವು ಉಣ್ಣುವುದು ಮೂರು ಗಂಟೆಗೆ, ನಡುವೆ ಲೆಕ್ಕವಿಲ್ಲದಷ್ಟು ಕಾಫಿ. ಮಾವನೂ ಓಮದ ಕಷಾಯ ಕುಡಿಯುತ್ತಿದ್ದರು, ಐತಣ್ಣನೂ ಕುಡಿಯುತ್ತಿದ್ದ. ಗಲ್ಲೆಯ ಕೆಳಗೆ ದುಡ್ಡಿನ ಪೆಟ್ಟಿಗೆಯ ಜೊತೆಗೆ ಓಮದ ಡಬ್ಬಿ ಇಲ್ಲದ ಹೋಟೆಲನ್ನು ನಾನು ನೋಡಿಲ್ಲ. ಮಾಡಿ ಕಳಿಸಿದೆ. ಮರುದಿನವೂ ಕೇಳಿದರು, ಮತ್ತೆ ಕಳಿಸಿದೆ.

ಆ ಸಂಜೆ ಫೋನು ಬಂದದ್ದು ನರ್ಸಿನದು. ನಿಖಿತಾ ಎಂದು ಹೆಸರು, ಕಾಸರಗೋಡಿನ ಹುಡುಗಿ. ನಮ್ಮ ಕನ್ನಡ ಕೇಳಿದ ದಿನದಿಂದ ನನ್ನನ್ನು ಆಂಟಿ ಎನ್ನುತ್ತಿದ್ದಳು.

"ಆಂಟಿ, ಫ್ಲಾಸ್ಕಿನಲ್ಲಿ ಎಂತ ಕಳಿಸಿದ್ದು? ವಾರ್ಡಿಡೀ ವಾಸನೆ."

"ಓಮ ಮಗಾ. ಅವರಿಗೆ ಎದೆ ಹಿಡಿದ ಹಾಗೆ ಆಗ್ತದಂತೆ, ಗ್ಯಾಸು."

"ಎದೆ ನೋವು ಅಂತ ನಮಗೆ ಹೇಳಲೇ ಇಲ್ಲ ಅವರು," ಎಂದಳು.

ಮರುದಿನ ಡಾಕ್ಟರು ನನ್ನನ್ನು ಕೆಳಗಿನ ಹಾಲಿಗೆ ಕರೆಸಿದರು. ಗಾಜಿನ ಆಚೆ ನಿಂತು, ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಶ್ವಾಸಕೋಶ ಪರವಾಗಿಲ್ಲ. ಆದರೆ ಕೊರೊನಾ ಕೆಲವರಿಗೆ ಹೃದಯಕ್ಕೂ ಬರುತ್ತದೆ. ಇವರ ಹೃದಯದ ಸ್ನಾಯು ಊದಿಕೊಂಡಿದೆ, ರಕ್ತ ತಳ್ಳುವ ಶಕ್ತಿ ಅರ್ಧಕ್ಕಿಂತ ಕೆಳಗೆ ಬಂದಿದೆ, ನಡುನಡುವೆ ಬಡಿತ ತಪ್ಪುತ್ತಿದೆ. ಐಸಿಯುವಿಗೆ ಹಾಕಿ ಔಷಧಿ ಶುರು ಮಾಡಿದ್ದೇವೆ. ಈಗ ಆ ಹೃದಯಕ್ಕೆ ಬೇಕಾದದ್ದು ವಿಶ್ರಾಂತಿ. ಎದ್ದು ನಡೆಯಬಾರದು, ಗಾಬರಿಯಾಗಬಾರದು, ಚಿಂತೆ ಮಾಡಬಾರದು.

"ಅವರು ಎದ್ದು ಹೋಗಬೇಕು ಅಂತಾರಮ್ಮ. ಹೋಟೆಲು, ಹೋಟೆಲು ಅಂತಾರೆ. ಆಗೆಲ್ಲ ಮಾನಿಟರು ಕೂಗುತ್ತದೆ. ನೀವೇ ಏನಾದರೂ ಹೇಳಿ ಸಮಾಧಾನ ಮಾಡಬೇಕು."

ಅಂದು ಸಂಜೆ ಐಸಿಯುವಿನಿಂದ ನಿಖಿತಾ ತನ್ನ ಫೋನಿನಿಂದ ಕರೆ ಮಾಡಿ ಅವರ ಕಿವಿಯ ಹತ್ತಿರ ಹಿಡಿದಳು. ಸ್ವರ ಬಾವಿಯೊಳಗಿನಿಂದ ಬಂದ ಹಾಗಿತ್ತು.

"ಜಲಜಾ, ಐತ ಫೋನು ತೆಗೀತಾ ಇಲ್ಲ. ಬಾಗಿಲು ಹಾಕಿದ್ದೀಯಲ್ಲ? ನನಗೆ ಗೊತ್ತುಂಟು. ನಾನು ಬರ್ತೇನೆ. ಇವರು ಬಿಡುದಿಲ್ಲ..."

ಹಿಂದೆ ಮಾನಿಟರಿನ ಟಿಕ್ಕು ಟಿಕ್ಕು ಒಂದರ ಮೇಲೊಂದು ಬೀಳುತ್ತಿತ್ತು. ನಾನು ನಿಂತಿದ್ದದ್ದು ನಮ್ಮ ಮನೆಯ ಒಲೆಯ ಮುಂದೆ. ಅಶ್ವಿತಾಳಿಗೆಂದು ಕಾವಲಿ ಇಟ್ಟಿದ್ದೆ, ಕಾದಿತ್ತು. ಏನು ತೋಚಿತೋ, ಒಂದು ಹಿಡಿ ನೀರು ತೆಗೆದು ಕಾವಲಿಯ ಮೇಲೆ ಚಿಮುಕಿಸಿ ಫೋನನ್ನು ಅದರ ಹತ್ತಿರ ಹಿಡಿದೆ. ಚುಂಯ್ ಎಂದಿತು.

"ಕೇಳಿತಾ? ಕೆಳಗೇ ಇದ್ದೇನೆ. ಐತಣ್ಣನಿಗೆ ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ. ಪಾರ್ಸೆಲ್ಲಿಗೆ ಜನ ನಿಂತಿದ್ದಾರೆ."

ನಾನು ಸಟ್ಟುಗದಿಂದ ಕಾವಲಿಯ ಅಂಚಿಗೆ ಎರಡು ಸಲ ಬಡಿದೆ, ಐತಣ್ಣ ಬಡಿಯುವ ಹಾಗೆ.

ಆಗ ಹಿಂದಿನಿಂದ ಕೂಗು ಬಂತು. "ಎರಡು ಮಸಾಲೇ! ಒಂದು... ಒಂದು ನೀರುಳ್ಳಿ ಊತಪ್ಪಾ!"

ತಿರುಗಿ ನೋಡಿದೆ. ಅಶ್ವಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎರಡೂ ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಒಂದಕ್ಕೊಂದು ತಾಗಿಸುತ್ತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸ್ವರ ಮಾತ್ರ ಗಟ್ಟಿಯಾಗಿತ್ತು.

ಆಚೆಯಿಂದ ಅವರು ಕೇಳಿದರು, "ಅದು ಯಾರು, ಅಶ್ವಿಯಾ?"

"ಹೌದು. ಹುಡುಗರಿಲ್ಲ ಅಂತ ಅವಳೇ ಸಪ್ಲೈ ಮಾಡ್ತಾ ಇದ್ದಾಳೆ."

"ಓ," ಎಂದರು. ಆಮೇಲೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಿಖಿತಾ ಮೆಲ್ಲನೆ, "ಮಲಗಿದರು ಆಂಟಿ. ಬಡಿತ ಇಳಿಯಿತು," ಎಂದಳು.

ಅಂದಿನಿಂದ ಅದೇ ನಮ್ಮ ಸಂಜೆಯ ಕೆಲಸವಾಯಿತು. ಕೆಳಗೆ ಹೋಗಿ ನಿಜವಾದ ಕಲ್ಲನ್ನೇ ಕಾಯಿಸಬಹುದಿತ್ತು. ಆದರೆ ಆ ಕಲ್ಲು ಕಾಯಲು ಒಂದು ತಾಸು ಬೇಕು, ನಿಖಿತಾಳ ಫೋನು ಯಾವಾಗ ಬರುತ್ತದೆಂದು ಹೇಳುವ ಹಾಗಿಲ್ಲ. ಮನೆಯ ಕಾವಲಿ ಎರಡು ನಿಮಿಷಕ್ಕೆ ಕಾಯುತ್ತದೆ. ಫೋನು ಗುಂಯ್ಗುಟ್ಟಿದ ಕೂಡಲೇ ಅಶ್ವಿತಾ ಒಲೆ ಹಚ್ಚುತ್ತಿದ್ದಳು. ನಾನು ನೀರು ಚಿಮುಕಿಸಿ ಹಿಡಿಸೂಡಿಯಿಂದ ಗುಡಿಸುತ್ತಿದ್ದೆ. ಅವಳು ಒಮ್ಮೆ ಸಪ್ಲೈಯರ್, ಒಮ್ಮೆ ಗಿರಾಕಿ. ದಪ್ಪ ಸ್ವರ ಮಾಡಿ, "ಅಣ್ಣೇ, ಸಾಂಬಾರ್ ಕೊಂಜಂ ಜಾಸ್ತಿ!" ಎನ್ನುವಳು, ಕೂಡಲೇ ಸಣ್ಣ ಸ್ವರದಲ್ಲಿ, "ಒಂದು ಪಾರ್ಸೆಲ್, ಸಾಂಬಾರು ಹೆಚ್ಚು!" ಎಂದು ನನಗೆ ಕೂಗುವಳು. ದಿನದಿಂದ ದಿನಕ್ಕೆ ಅವಳ ಕನ್ನಡ ನೆಟ್ಟಗಾಗುತ್ತಿತ್ತು. ಒಂದು ದಿನ ಇಲ್ಲದ ಗಿರಾಕಿಯೊಂದಿಗೆ ಜಗಳವನ್ನೇ ಮಾಡಿದಳು. "ಚಟ್ನಿ ಖಾಲಿ ಅಂದ್ರೆ ಖಾಲಿ! ನಾಳೆ ಬನ್ನಿ!" ಆಚೆಯಿಂದ ಅವರು ನಕ್ಕದ್ದು ಕೇಳಿಸಿತು. ನಕ್ಕು ಕೆಮ್ಮಿದರು. ನಿಖಿತಾ, "ಸಾಕು ಸಾಕು, ನಗಿಸಬೇಡಿ," ಎಂದು ಗದರಿ ತಾನೂ ನಕ್ಕಳು.

ಫೋನು ಇಟ್ಟ ಮೇಲೆ ನಾವಿಬ್ಬರೂ ಒಲೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆವು. ಮನೆ ಒಮ್ಮೆಗೇ ಖಾಲಿಯಾಗುತ್ತಿತ್ತು. ಅವಳು ಲೋಟಗಳನ್ನು ತೊಳೆಯದೆ ಹಾಗೇ ಸ್ಟ್ಯಾಂಡಿನಲ್ಲಿ ಮಗುಚಿಡುತ್ತಿದ್ದಳು. ಅವುಗಳಲ್ಲಿ ಯಾರೂ ಏನೂ ಕುಡಿದಿರಲಿಲ್ಲವಲ್ಲ.

ಒಂದು ಸಂಜೆ ಫೋನು ಬರಲಿಲ್ಲ. ಕಾವಲಿ ಕಾದು ಹೊಗೆಯಾಡಿ, ಆರಿಸಿ, ಮತ್ತೆ ಹಚ್ಚಿದೆವು. ಮರುದಿನ ಬೆಳಗ್ಗೆ ಗೇಟಿಗೆ ಓಡಿದಾಗ ನಿಖಿತಾ ಹೊರಗೆ ಬಂದು ಹೇಳಿದಳು. ಬಡಿತ ಪೂರ್ತಿ ದಾರಿ ತಪ್ಪಿತ್ತಂತೆ, ಎದೆಗೆ ಶಾಕು ಕೊಟ್ಟು ತಂದಿದ್ದರು. ಅವಳ ಕಣ್ಣ ಕೆಳಗೆ ಮಾಸ್ಕಿನ ಗೆರೆ ಗಾಯದ ಹಾಗೆ ಕೂತಿತ್ತು. "ಎಚ್ಚರಾದ ಕೂಡಲೇ, ಇವತ್ತು ಅಶ್ವಿ ಕೂಗಲಿಲ್ಲವಾ ಅಂತ ಕೇಳಿದರು," ಎಂದಳು.

ಮತ್ತೆ ಕೆಲವು ವಾರಗಳ ಮೇಲೆ, ಲಾಕ್‌ಡೌನು ಸ್ವಲ್ಪ ಸಡಿಲಾದಾಗ, ಮನೆಗೆ ಕಳಿಸುತ್ತೇವೆ ಎಂದರು. ಸಂತೋಷಪಡುವ ಮೊದಲೇ ಡಾಕ್ಟರು ಹೇಳಿದರು, ಹೃದಯ ಎಷ್ಟು ಚೇತರಿಸುತ್ತದೆಂದು ಈಗಲೇ ಹೇಳಲಾಗದು, ಬಡಿತ ಮತ್ತೆ ತಪ್ಪಲೂಬಹುದು. ಭಾರ ಎತ್ತುವಂತಿಲ್ಲ, ಬೆಂಕಿಯ ಮುಂದೆ ನಿಲ್ಲುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ.

ನನಗೆ ತೊಡಕಾದದ್ದು ಆ ಕೊನೆಯ ಮಾತು. ನಮ್ಮ ಮನೆ ಮೇಲೆ. ಮೆಟ್ಟಿಲು ಹತ್ತದೆ ಮಲಗಲು ಇರುವುದು ಒಂದೇ ಜಾಗ, ಕೆಳಗಿನ ಹೋಟೆಲು. ಅಲ್ಲಿ ಮೇಜಿನ ಮೇಲೆ ಮಗುಚಿಟ್ಟ ಕುರ್ಚಿಗಳು, ಜೇಡರ ಬಲೆ, ತಣ್ಣಗೆ ಬಿದ್ದ ಕಲ್ಲು. ಇಷ್ಟು ದಿನ ನಾವು ಅವರ ಕಿವಿಗೆ ಕಟ್ಟಿಕೊಟ್ಟ ಹೋಟೆಲನ್ನು ಅವರು ಕಣ್ಣಲ್ಲಿ ನೋಡಲಿದ್ದರು. ಗಾಬರಿಯಾಗಬಾರದು ಎಂದಿದ್ದರಲ್ಲ ಡಾಕ್ಟರು!

ಅಶ್ವಿತಾಳೂ ನಾನೂ ಸೊಂಟಕ್ಕೆ ಸೆರಗು, ದುಪ್ಪಟ ಕಟ್ಟಿ ಇಳಿದೆವು. ನೆಲ ತೊಳೆದೆವು, ಕುರ್ಚಿ ಇಳಿಸಿದೆವು, ಕಿಟಕಿಯ ಪಕ್ಕ ಎರಡು ಮೇಜು ಸರಿಸಿ ಮಂಚ ಹಾಕಿದೆವು. ದೇವರ ಪಟಕ್ಕೆ ಹೂ ಹಾಕಿ, ಊದುಬತ್ತಿ ಹಚ್ಚಿದೆವು. ಹಿಂದಿನ ದಿನವೇ ಹಿಟ್ಟು ಅರೆದಿಟ್ಟಿದ್ದೆ. ಅವರು ಬರುವ ಬೆಳಗ್ಗೆ ಒಲೆ ಹಚ್ಚಿದೆ. ಕಲ್ಲು ಕಾದಿತು. ತುಕ್ಕು ಉಜ್ಜಿ ತೆಗೆದು, ನೀರು ಚಿಮುಕಿಸಿ, ನೀರುಳ್ಳಿ ಉಜ್ಜಿ ಒಂದು ಸೌಟು ಹೊಯ್ದೆ. ಹಿಡಿದುಕೊಂಡಿತು. ಕೆರೆದು ತೆಗೆದು ಇನ್ನೊಂದು ಹೊಯ್ದೆ. ಅದೂ ಚಿಂದಿ. ಸಟ್ಟುಗಕ್ಕೆ ಬಂದದ್ದು ಅಲ್ಲಲ್ಲಿ, ಉಳಿದದ್ದು ಕಲ್ಲಿಗೇ ಅಂಟಿ ಕಪ್ಪಾಯಿತು.

"ಅಮ್ಮಾ, ಆಟೋ ಬಂತು!" ಎಂದಳು ಅಶ್ವಿತಾ. ಆಮೇಲೆ ಯೋಚಿಸಿದರೆ, ಅದನ್ನು ಅವಳು ಕನ್ನಡದಲ್ಲಿಯೇ ಹೇಳಿದ್ದಳು.

ನಿಖಿತಾ ಆಟೋ ಹತ್ತಿಸಿ ಕಳಿಸಿದ್ದ ಅವರು ಮಗಳ ಭುಜ ಹಿಡಿದು ಒಳಗೆ ಬಂದರು. ಅಂಗಿ ಯಾರದೋ ಎಂಬಂತೆ ನೇತಾಡುತ್ತಿತ್ತು. ಬಾಗಿಲಿನಿಂದ ಗಲ್ಲೆಯವರೆಗೆ ಬರುವಷ್ಟರಲ್ಲಿ ಎರಡು ಕಡೆ ನಿಂತರು. ಗಲ್ಲೆಯ ಅಂಚು ಹಿಡಿದು ಉಸಿರು ಎಳೆದುಕೊಳ್ಳುತ್ತ ಕಲ್ಲಿನ ಕಡೆ ನೋಡಿದರು. ನಾನು ಹರಿದ ದೋಸೆಯ ಮುಂದೆ ಅಡ್ಡ ನಿಂತೆ.

"ಸರಿ ಆಚೆಗೆ. ಎಷ್ಟು ಹರಿಯಿತು?"

"ಎರಡು."

"ಇನ್ನೂ ಹತ್ತು ಹರಿಯುತ್ತದೆ. ಸೇಡು," ಎಂದು ಮಂಚದ ಮೇಲೆ ಕೂತರು. ಮುಖದಲ್ಲಿ ಗಾಬರಿಯಿರಲಿಲ್ಲ. "ಒಲೆ ಹಚ್ಚಿದ್ದು ಇವತ್ತೇ ಅಲ್ವಾ?"

ಅಶ್ವಿತಾ ತಲೆ ತಗ್ಗಿಸಿದಳು.

"ಮೊದಲ ದಿನವೇ ಗೊತ್ತಾಯ್ತು ಮಾರಾಯ್ತಿ," ಎಂದರು. "ನಮ್ಮ ಕಲ್ಲಿಗೆ ನೀರು ಹಾಕಿದ್ರೆ ಸದ್ದು ಈ ತುದಿಯಿಂದ ಆ ತುದಿಗೆ ಓಡ್ತದೆ. ನಿನ್ನದು ಚುಂಯ್ ಅಂತ ಅಲ್ಲೇ ಸತ್ತಿತು. ಮನೆಯ ಕಾವಲಿ ನನಗೆ ಗೊತ್ತಾಗುದಿಲ್ವಾ? ಮತ್ತೆ ಒಂದು ದಿನ ಹಿಂದಿನಿಂದ ಕುಕ್ಕರು ಬೇರೆ ಕೂಗಿತು. ಉಡುಪಿ ಹೋಟೆಲಿನಲ್ಲಿ ಮೂರು ಲೀಟರಿನ ಕುಕ್ಕರು!"

"ಹಾಗಾದ್ರೆ ಯಾಕೆ ಹೇಳಲಿಲ್ಲ?" ಎಂದೆ. ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

"ಇವಳು ಕನ್ನಡದಲ್ಲಿ ಕೂಗುದನ್ನು ಕೇಳ್ಲಿಕ್ಕೆ ಎಷ್ಟು ವರ್ಷ ಕಾದಿದ್ದೇನೆ. ನಿಲ್ಲಿಸ್ಲಿಕ್ಕೆ ನನಗೆ ಮರುಳಾ?" ಮಗಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. ಆಮೇಲೆ ನನ್ನನ್ನು ನೋಡದೆ ಹೇಳಿದರು, "ನೀನು ಅಂಗಡಿ ನಡೀತಾ ಉಂಟು ಅಂದೆ. ನಾನು ಬರೀ ಗ್ಯಾಸು ಅಂದೆ. ಅಲ್ಲಿಗಲ್ಲಿಗೆ ಸರಿಯಾಯ್ತು."

ಆ ಮಳೆಗಾಲದ ಮೊದಲ ತಿಂಗಳು ಅವರು ಹೋಟೆಲಿನ ಹಾಲಿನಲ್ಲಿಯೇ ಇದ್ದರು. ಅರ್ಧ ಎತ್ತಿದ ಷಟರಿನ ಕೆಳಗಿನಿಂದ ರಸ್ತೆಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತಿತ್ತು. ಕಾಲು ನೋಡಿಯೇ ಇವರು ಗಿರಾಕಿಗಳನ್ನು ಗುರುತಿಸುತ್ತಿದ್ದರು. "ಅದು ಪೋಸ್ಟಾಫೀಸಿನವರು. ಎರಡು ಇಡ್ಲಿ, ಒಂದು ವಡೆ, ಸಾಂಬಾರಿನಲ್ಲಿ ಮುಳುಗಿಸಿ." ದಿನಾ ಬೆಳಗ್ಗೆ ಕಲ್ಲು ಕಾಯಿಸುವುದು ನನ್ನ ಕೆಲಸವಾಯಿತು. ಮಲಗಿದಲ್ಲಿಂದಲೇ ಹೇಳಿಕೊಡುತ್ತಿದ್ದರು. "ಬೆಂಕಿ ಸಣ್ಣ ಮಾಡು. ಈಗ ನೀರು. ಇನ್ನೂ ಕಾಯಲಿಲ್ಲ, ಸದ್ದು ದಪ್ಪ ಉಂಟು. ಈಗ." ದೋಸೆ ಹರಿಯುತ್ತಿತ್ತು. ಅಂಚು ಮಾತ್ರ ಎದ್ದ ದಿನ ಅವರಿಗೆ ಹಬ್ಬ. ಮಧ್ಯಾಹ್ನ ಅಶ್ವಿತಾ ಆನ್‌ಲೈನ್ ಪಾಠ ಮುಗಿಸಿ ಬಂದು ಅವರ ಕಾಲ ಬಳಿ ಕೂರುತ್ತಿದ್ದಳು. ಶಾಲೆಯಲ್ಲಿ ಯಾರು ಏನು ಚುಚ್ಚಿದ್ದರೆಂದು ಅವಳೇ ಅವರಿಗೆ ಹೇಳಿದಳಂತೆ. ಅವರು ಏನೆಂದರೋ ನನಗೆ ಗೊತ್ತಿಲ್ಲ, ಇಬ್ಬರೂ ನಗುತ್ತಿದ್ದರು.

ಕಾಲು ಊದಿಕೊಳ್ಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿನ ಮೇಲೆ ದಿಂಬು ಇಟ್ಟು ಕೂರಿಸುತ್ತಿದ್ದೆ. ಡಾಕ್ಟರು ಮಾತ್ರೆ ಬದಲಿಸಿದರು, ಬರುವ ವಾರ ಮತ್ತೆ ಹೃದಯದ ಎಕೋ ಪರೀಕ್ಷೆ ಮಾಡೋಣ ಎಂದರು.

ಆ ವಾರ ಬರಲಿಲ್ಲ. ಒಂದು ಮಧ್ಯಾಹ್ನ, ನಾನು ಪಾತ್ರೆ ಉಜ್ಜುತ್ತಿದ್ದಾಗ, ಹಾಲಿನಿಂದ ಕರೆದರು. "ಜಲಜಾ, ಒಂದು ಲೋಟ ಓಮದ ಕಷಾಯ ಮಾಡ್ತೀಯಾ?"

ಕೈ ಒರೆಸಿಕೊಳ್ಳದೆ ಓಡಿ ಬಂದೆ. ಹಣೆಯಲ್ಲಿ ಬೆವರು ಕಾಳುಕಾಳಾಗಿ ನಿಂತಿತ್ತು.

"ಎಂತ ಆಯ್ತು?"

"ಎಂತ ಇಲ್ಲ. ಗ್ಯಾಸು," ಎಂದರು. ಕಣ್ಣಲ್ಲಿ ಸಣ್ಣ ನಗುವಿತ್ತು, ಸಿಕ್ಕಿಬಿದ್ದವರ ನಗು. "ಅಶ್ವಿಗೆ ಹೆದರಿಸಬೇಡ."

ಅಶ್ವಿತಾಳಿಂದಲೇ ಅಂಬುಲೆನ್ಸಿಗೆ ಫೋನು ಮಾಡಿಸಿದೆ. ಅವಳು ರಸ್ತೆಗೆ ಓಡಿದಳು. ನಾನು ಅವರನ್ನು ಎದೆಗೆ ಒರಗಿಸಿಕೊಂಡು ಕೂತೆ. ಬೆನ್ನ ಮೂಲಕ ಅವರ ಬಡಿತ ನನಗೆ ತಾಗುತ್ತಿತ್ತು. ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಒಂದೆರಡು ಹೆಜ್ಜೆ. ಅಂಬುಲೆನ್ಸಿನ ಸದ್ದು ಪೋರೂರಿನ ಸಿಗ್ನಲ್ಲಿನ ಕಡೆಯಿಂದ ಕೇಳಿಸುವ ಹೊತ್ತಿಗೆ ನನಗೆ ತಾಗುತ್ತಿದ್ದದ್ದು ನನ್ನ ಬಡಿತ ಮಾತ್ರ.

ಐತಣ್ಣ ತಾಂಬರದಿಂದ ಬಂದ. ಹದಿಮೂರನೆಯ ದಿನದ ಕೆಲಸ ಮುಗಿಯುವವರೆಗೂ ಓಡಾಡಿದ. ಆಮೇಲೆ ಹಾಲಿನ ಮೂಲೆಯಲ್ಲಿ ಕೂತು, "ಅಕ್ಕ, ಷಟರು ಎತ್ತುದಾ ಬೇಡವಾ?" ಎಂದು ಕೇಳಿದ. ಎತ್ತುವ ಎಂದೆ.

ಮೊದಲ ಬೆಳಗ್ಗೆ ಅವನು ಸೌಟು ತೆಗೆದು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದ. ನೀರು ಚಿಮುಕಿಸಿದೆ. ಸದ್ದು ಈ ತುದಿಯಿಂದ ಆ ತುದಿಗೆ ಓಡಿತು. "ಈಗ" ಎನ್ನುವ ಅವರ ಮಾತಿಗಾಗಿ ಕಾದೆ. ಮಂಚ ತೆಗೆದ ಜಾಗದಲ್ಲಿ ಎರಡು ಮೇಜು ಮತ್ತೆ ಬಂದು ನಿಂತಿದ್ದವು. ಕಾದದ್ದು ಹೆಚ್ಚಾಯಿತೋ ಏನೋ, ಹೊಯ್ದ ದೋಸೆ ಒಂದು ಬದಿ ಹರಿದು ಬಂತು. ಹರಿದದ್ದನ್ನೇ ಹಿಂದಿನ ಗೋಡೆಯ ಮೇಲೆ ಇಟ್ಟು ಬಂದೆ. ಕಾಗೆಗಳಿಗೆ ಅದರಿಂದೇನೂ ಆಗಲಿಲ್ಲ.

ಷಟರು ಎತ್ತಿದೆವು. ಪೋಸ್ಟಾಫೀಸಿನವರು ಬಂದು, ಗಲ್ಲೆಯ ಮೇಲಿನ ನನ್ನ ಗಂಡನ ಪಟಕ್ಕೆ ಕೈ ಮುಗಿದು, ತಮ್ಮ ಜಾಗದಲ್ಲಿ ಕೂತರು. ಅಶ್ವಿತಾ ಆನ್‌ಲೈನ್ ಪಾಠಕ್ಕೆಂದು ಹಾಕಿದ ಯೂನಿಫಾರ್ಮಿನಲ್ಲಿಯೇ ಅವರ ಮುಂದೆ ನೀರಿನ ಲೋಟ ಇಟ್ಟು, ಅಡುಗೆಮನೆಯ ಕಡೆ ತಿರುಗಿದಳು. ಅವರು ಇನ್ನೂ ಏನೂ ಕೇಳಿರಲಿಲ್ಲ.

"ಎರಡು ಇಡ್ಲಿ, ಒಂದು ವಡೇ! ಸಾಂಬಾರಿನಲ್ಲಿ ಮುಳುಗಿಸೀ!"